ಜೆರಾಕ್ಸ್ ಸರಿ, ಪಿಡಿಎಫ್ ತಪ್ಪಾ? ಕಾಲೇಜು ಪಾಠಕ್ಕೆ ಲೈಬ್ರರಿ ಪುಸ್ತಕದ ಪ್ರತಿ ಹಂಚುವ ಗೊಂದಲ

2025ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಸೈ-ಹಬ್ ಜಾಲತಾಣವನ್ನು ಭಾರತದಲ್ಲಿ ಬಂದ್ ಮಾಡಲು ಆದೇಶ ಕೊಟ್ಟಿತು. ದುಬಾರಿ ಸಂಶೋಧನಾ ಲೇಖನಗಳನ್ನು ದುಡ್ಡಿಲ್ಲದೆ ಇಳಿಸಿಕೊಳ್ಳಲು ನಮ್ಮ ಎಂ.ಎ., ಪಿಎಚ್.ಡಿ. ವಿದ್ಯಾರ್ಥಿಗಳು ವರ್ಷಗಟ್ಟಲೆ ನೆಚ್ಚಿಕೊಂಡಿದ್ದ ತಾಣ ಅದು. ಆದೇಶ ಬಂದ ಮೇಲೆ ಕಾಲೇಜುಗಳಲ್ಲಿ ಬೇರೆಯೇ ಪ್ರಶ್ನೆಗಳು ಎದ್ದವು. ಮೇಷ್ಟ್ರು ಲೈಬ್ರರಿ ಪುಸ್ತಕದ ಎರಡು ಅಧ್ಯಾಯ ಸ್ಕ್ಯಾನ್ ಮಾಡಿ ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದರೆ ಅದೂ ಅಪರಾಧವಾ? ಗೇಟಿನ ಎದುರಿನ ಅಂಗಡಿಯವರು ಆ ಪುಟಗಳನ್ನೇ ಸ್ಪೈರಲ್ ಬೈಂಡಿಂಗ್ ಮಾಡಿ ಕೊಟ್ಟರೆ?

ಇದೇ ಹೈಕೋರ್ಟ್ 2016ರಲ್ಲಿ, ಪಾಠಕ್ಕಾಗಿ ಪುಸ್ತಕದ ಭಾಗಗಳನ್ನು ಜೆರಾಕ್ಸ್ ಮಾಡಿ ಹಂಚುವುದು ತಪ್ಪಲ್ಲ ಎಂದಿತ್ತು. ಹಾಗಾದ್ರೆ ಈ ಒಂಬತ್ತು ವರ್ಷದಲ್ಲಿ ಕಾನೂನು ಬದಲಾಯಿತಾ ಎಂದರೆ, ಇಲ್ಲ. ಪಾಠಕ್ಕಾಗಿ ಪ್ರತಿ ಮಾಡಿಕೊಳ್ಳುವ ಹಕ್ಕು ನಮ್ಮ ಕಾಯ್ದೆಯಲ್ಲಿ ಈಗಲೂ ಇದೆ. ಬಹಳಷ್ಟು ಕಾಲೇಜುಗಳು ಅಂದುಕೊಂಡಿರುವುದಕ್ಕಿಂತ ಗಟ್ಟಿಯಾಗಿಯೇ ಇದೆ. ಆದರೆ ಅದು ಕ್ಲಾಸಿಗೆ ಸೇರಿದ ಹಕ್ಕು. ಕ್ಲಾಸಿನ ಗೋಡೆ ದಾಟಿದ ಕೂಡಲೇ ಅದರ ಬಲ ಕುಗ್ಗುತ್ತದೆ.

ಕಲಸಿಹೋದ ಮೂರು ಪ್ರಶ್ನೆಗಳು

ಗೊಂದಲಕ್ಕೆ ಮುಖ್ಯ ಕಾರಣ, ಮೂರು ಬೇರೆ ಬೇರೆ ಪ್ರಶ್ನೆಗಳನ್ನು ನಾವು ಒಂದೇ ಎಂದುಕೊಂಡಿರುವುದು. ಮೊದಲನೆಯದು, ಆ ಪುಸ್ತಕ ಅಥವಾ ಫೈಲ್ ನಿಮ್ಮ ಕೈಗೆ ಎಲ್ಲಿಂದ ಬಂತು ಎಂಬುದು. ಎರಡನೆಯದು, ಅದರ ಪ್ರತಿ ಮಾಡಲು ಕಾಪಿರೈಟ್ ಕಾಯ್ದೆ ಒಪ್ಪುತ್ತದಾ ಎಂಬುದು. ಮೂರನೆಯದು, ಲೈಬ್ರರಿ ಆ ವಸ್ತುವನ್ನು ಕೊಂಡಾಗ ಪ್ರಕಾಶಕರ ಜೊತೆ ಯಾವ ಒಪ್ಪಂದಕ್ಕೆ ಸಹಿ ಹಾಕಿದೆ ಎಂಬುದು.

ಸೈ-ಹಬ್ ಪ್ರಕರಣ ಮೊದಲನೆಯ ಪ್ರಶ್ನೆಗೆ ಸೇರಿದ್ದು. ಸಂಶೋಧನಾ ಜರ್ನಲ್‌ಗಳ ಪ್ರಕಾಶಕರಾದ ಎಲ್ಸ್‌ವಿಯರ್, ವೈಲಿ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ 2020ರ ಡಿಸೆಂಬರ್‌ನಲ್ಲಿ ದಾವೆ ಹೂಡಿದ್ದವು. ಹೊಸ ಲೇಖನ ಸೇರಿಸುವುದಿಲ್ಲ ಎಂದು ಕೋರ್ಟಿಗೆ ಕೊಟ್ಟಿದ್ದ ಮಾತನ್ನು ತಾಣ ಮುರಿದಿದೆ ಎಂಬುದೇ ಬಂದ್ ಆದೇಶಕ್ಕೆ ತಕ್ಷಣದ ಕಾರಣ. ಮೇಷ್ಟ್ರು ವಿದ್ಯಾರ್ಥಿಗಳಿಗೆ ಏನು ಹಂಚಬಹುದು ಎಂಬ ವಿಚಾರ ಆ ಆದೇಶದಲ್ಲಿ ತೀರ್ಮಾನವಾಗಿಲ್ಲ. ಅದಕ್ಕೆ ಉತ್ತರ ಹುಡುಕಬೇಕಾದ್ದು ದೆಹಲಿಯ ಒಂದು ಜೆರಾಕ್ಸ್ ಅಂಗಡಿಯ ಕೇಸಿನಲ್ಲಿ.

ಪುಟಕ್ಕೆ 40 ಪೈಸೆಯ ಕೇಸು

ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದಲ್ಲಿ ರಾಮೇಶ್ವರಿ ಫೋಟೋಕಾಪಿ ಸರ್ವಿಸ್ ಎಂಬ ಸಣ್ಣ ಅಂಗಡಿ ಇದೆ. ವಿಶ್ವವಿದ್ಯಾಲಯವೇ ಲೈಸೆನ್ಸ್ ಕೊಟ್ಟು ಕೂರಿಸಿದ ಅಂಗಡಿ. ವಿದ್ಯಾರ್ಥಿಗಳಿಗೆ ಪುಟಕ್ಕೆ 40 ಪೈಸೆಯಂತೆ ಪ್ರತಿ ಮಾಡಿಕೊಡಬೇಕು, ಲೈಬ್ರರಿಗೆ ತಿಂಗಳಿಗೆ ಇಷ್ಟು ಪುಟ ಪುಕ್ಕಟೆ ಮಾಡಿಕೊಡಬೇಕು ಎಂಬುದು ಆಗಿನ ಕರಾರು. ಮೇಷ್ಟ್ರುಗಳು ಸಿಲೆಬಸ್‌ನಲ್ಲಿ ಓದಬೇಕಾದ ಅಧ್ಯಾಯಗಳ ಪಟ್ಟಿ ಕೊಡುತ್ತಿದ್ದರು. ಅಂಗಡಿಯವರು ಲೈಬ್ರರಿಯಿಂದ ಪುಸ್ತಕ ತಂದು ಒಂದರಿಂದ ಒಂದು ಅಧ್ಯಾಯ, ಇನ್ನೊಂದರಿಂದ ಹತ್ತಿಪ್ಪತ್ತು ಪುಟ ಹೀಗೆ ಸೇರಿಸಿ ಬೈಂಡ್ ಮಾಡುತ್ತಿದ್ದರು. ಇದಕ್ಕೆ ಕೋರ್ಸ್ ಪ್ಯಾಕ್ ಅಂತ ಹೆಸರು. ನಮ್ಮ ಧಾರವಾಡ, ಮೈಸೂರು, ಬೆಂಗಳೂರಿನ ಕ್ಯಾಂಪಸ್‌ಗಳಲ್ಲಿ ಓದಿದವರಿಗೆ ಇಂಥ ಕಟ್ಟು ಹೊಸದೇನಲ್ಲ.

2012ರ ಆಗಸ್ಟ್‌ನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್‌ಗಳು ಮತ್ತು ಟೇಲರ್ ಅಂಡ್ ಫ್ರಾನ್ಸಿಸ್ ಸೇರಿ ಅಂಗಡಿ ಮತ್ತು ವಿಶ್ವವಿದ್ಯಾಲಯದ ಮೇಲೆ ಕೇಸು ಹಾಕಿದವು. ಅಕ್ಟೋಬರ್‌ನಲ್ಲಿ ಕೋರ್ಸ್ ಪ್ಯಾಕ್ ಮಾರಾಟಕ್ಕೆ ತಡೆ ಬಿತ್ತು. ಆಗ ವಿದ್ಯಾರ್ಥಿಗಳೇ ಒಂದು ಸಂಘ ಕಟ್ಟಿಕೊಂಡು ಕೇಸಿನಲ್ಲಿ ಸೇರಿಕೊಂಡರು. ಕೋರ್ಸ್ ಪ್ಯಾಕ್‌ನಲ್ಲಿ ಯಾರ ಬರಹಗಳು ಇದ್ದವೋ ಅಂಥ ಲೇಖಕರಲ್ಲೇ ಹಲವರು, ಕೇಸು ವಾಪಸ್ ತೆಗೆದುಕೊಳ್ಳಿ ಎಂದು ಪ್ರಕಾಶಕರಿಗೆ ಬಹಿರಂಗ ಪತ್ರ ಬರೆದರು.

ಪ್ರಕಾಶಕರ ವಾದವನ್ನು ಸುಮ್ನೆ ದುರಾಸೆ ಎಂದು ತಳ್ಳಿಹಾಕುವಂತಿಲ್ಲ. ಒಬ್ಬ ವಿದ್ಯಾರ್ಥಿ ತನಗಾಗಿ ನಾಲ್ಕು ಪುಟ ತೆಗೆಸಿಕೊಳ್ಳುವುದಕ್ಕೆ ಅವರ ತಕರಾರು ಇರಲಿಲ್ಲ. ಅಂಗಡಿಯೊಂದು ದುಡ್ಡು ತೆಗೆದುಕೊಂಡು, ಪಠ್ಯಪುಸ್ತಕದಂತೆ ಕಾಣುವ ಕಟ್ಟನ್ನು ಪ್ರತಿ ವರ್ಷ ಮಾಡಿ ಮಾರಿದರೆ ಅದು ವ್ಯಾಪಾರ ಎನ್ನುವುದು ಅವರ ಮಾತು. ಬೇಕಿದ್ದರೆ ವಿಶ್ವವಿದ್ಯಾಲಯ ಪ್ರತಿಗಳ ಹಕ್ಕನ್ನು ನೋಡಿಕೊಳ್ಳುವ ಐಆರ್‌ಆರ್‌ಒ ಸಂಸ್ಥೆಯಿಂದ ಲೈಸೆನ್ಸ್ ಪಡೆಯಲಿ, ಶುಲ್ಕ ಕಟ್ಟಲಿ ಎಂದು ಕೇಳಿದರು.

2016ರ ಸೆಪ್ಟೆಂಬರ್ 16ರಂದು ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ದಾವೆ ವಜಾ ಮಾಡಿದರು. ಅವರ ತರ್ಕ ನೇರವಾಗಿತ್ತು. ವಿದ್ಯಾರ್ಥಿ ಲೈಬ್ರರಿಯಲ್ಲಿ ಕೂತು ಕೈಯಲ್ಲಿ ಬರೆದುಕೊಂಡರೆ ತಪ್ಪಲ್ಲ. ಅದೇ ಕೆಲಸವನ್ನು ಯಂತ್ರ ಬೇಗ ಮಾಡಿಕೊಟ್ಟಿತು ಅನ್ನುವ ಕಾರಣಕ್ಕೆ ಅದು ತಪ್ಪಾಗುವುದಿಲ್ಲ. ಕಾಪಿರೈಟ್ ದೇವರು ಕೊಟ್ಟ ಹಕ್ಕಲ್ಲ, ಜನರ ಜ್ಞಾನ ಬೆಳೆಯಲಿ ಎಂದು ಕಾನೂನು ಕೊಟ್ಟ ಹಕ್ಕು ಎಂದೂ ಅವರು ಹೇಳಿದರು.

ಪ್ರಕಾಶಕರು ಮೇಲ್ಮನವಿ ಸಲ್ಲಿಸಿದರು. ಡಿಸೆಂಬರ್ 9ರಂದು ನ್ಯಾಯಮೂರ್ತಿಗಳಾದ ಪ್ರದೀಪ್ ನಂದ್ರಜೋಗ್ ಮತ್ತು ಯೋಗೇಶ್ ಖನ್ನಾ ಅವರ ಪೀಠ ಮುಖ್ಯ ವಿಷಯದಲ್ಲಿ ವಿದ್ಯಾರ್ಥಿಗಳ ಕಡೆಗೇ ನಿಂತಿತು. ಆದರೆ ಒಂದು ಗೆರೆಯನ್ನೂ ಎಳೆಯಿತು. ಆ ಗೆರೆ ನಮಗೆ ಇವತ್ತಿಗೂ ಮುಖ್ಯ.

ಎಷ್ಟು ಪುಟ ಅಂತಲ್ಲ, ಯಾಕೆ ಅಂತ

1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ವಿನಾಯಿತಿಗಳ ಉದ್ದ ಪಟ್ಟಿಯೇ ಇದೆ. ಸ್ವಂತ ಓದು, ಸಂಶೋಧನೆ, ವಿಮರ್ಶೆಗೆ ನ್ಯಾಯವಾದ ಮಟ್ಟಿಗೆ ಬಳಸಿಕೊಳ್ಳಬಹುದು ಎಂಬುದು ಅದರಲ್ಲಿ ಮೊದಲನೆಯದು. ಪಾಠಕ್ಕೆ ಬೇರೆಯೇ ಉಪಕಲಂ ಇದೆ, 52(1)(ಐ). ಶಿಕ್ಷಕರು ಅಥವಾ ವಿದ್ಯಾರ್ಥಿಗಳು ಬೋಧನೆಯ ಸಂದರ್ಭದಲ್ಲಿ ಯಾವುದೇ ಕೃತಿಯ ಪ್ರತಿ ಮಾಡಿದರೆ ಅದು ಉಲ್ಲಂಘನೆಯಲ್ಲ ಎಂದು ಅದು ಹೇಳುತ್ತದೆ. ಪ್ರಶ್ನೆಪತ್ರಿಕೆ, ಉತ್ತರಪತ್ರಿಕೆಗೂ ಇದೇ ರಕ್ಷಣೆ.

ಬೋಧನೆಯ ಸಂದರ್ಭ ಎಂದರೆ ಮೇಷ್ಟ್ರು ಬೋರ್ಡಿನ ಮುಂದೆ ನಿಂತಿರುವ ಒಂದು ಗಂಟೆ ಮಾತ್ರವಲ್ಲ ಎಂದು ಕೋರ್ಟ್ ಹೇಳಿತು. ಸಿಲೆಬಸ್ ತಯಾರಿ, ಕ್ಲಾಸಿಗೆ ಮೊದಲಿನ ಓದು, ಪರೀಕ್ಷೆಯ ತಯಾರಿ ಎಲ್ಲವೂ ಅದರಲ್ಲಿ ಬರುತ್ತವೆ. ಪ್ರತಿ ಮಾಡಿದ ಕೈ ಯಾರದು ಎಂಬುದೂ ಮುಖ್ಯವಲ್ಲ. ಮೇಷ್ಟ್ರೇ ಯಂತ್ರದ ಗುಂಡಿ ಒತ್ತಬೇಕು ಅಂತೇನಿಲ್ಲ, ಅಂಗಡಿಯವರು ಮಾಡಿಕೊಡಬಹುದು.

ಹಾಗಾದ್ರೆ ಮಿತಿ ಎಲ್ಲಿದೆ? ಪುಟಗಳ ಲೆಕ್ಕದಲ್ಲಿ ಇಲ್ಲ. ಆ ಪಾಠಕ್ಕೆ ಎಷ್ಟು ಬೇಕೋ ಅಷ್ಟೇ ತೆಗೆದುಕೊಂಡಿದ್ದಾರಾ ಎಂಬುದನ್ನು ನೋಡಬೇಕು ಎಂದಿತು ಪೀಠ. ದೆಹಲಿಯ ಕೋರ್ಸ್ ಪ್ಯಾಕ್‌ಗಳಲ್ಲಿ ಇದ್ದದ್ದೆಲ್ಲ ಪಾಠಕ್ಕೆ ನಿಜವಾಗಿ ಬೇಕಿತ್ತಾ, ಕೆಲವು ಪುಸ್ತಕಗಳನ್ನು ಇಡಿಯಾಗಿ ಪ್ರತಿ ಮಾಡಿದ್ದು ಸರಿಯಾ ಎಂಬ ಎರಡು ವಿಷಯಗಳನ್ನು ಸಾಕ್ಷ್ಯ ನೋಡಿ ತೀರ್ಮಾನಿಸಿ ಎಂದು ಕೇಸನ್ನು ಕೆಳಗಿನ ಪೀಠಕ್ಕೆ ವಾಪಸ್ ಕಳಿಸಿತು. ಆ ವಿಚಾರಣೆ ನಡೆಯಲೇ ಇಲ್ಲ. 2017ರ ಮಾರ್ಚ್‌ನಲ್ಲಿ ಪ್ರಕಾಶಕರು ದಾವೆ ಹಿಂತೆಗೆದುಕೊಂಡರು. ಐಆರ್‌ಆರ್‌ಒ ಸುಪ್ರೀಂ ಕೋರ್ಟಿಗೆ ಹೋಯಿತು, ಮೇ ತಿಂಗಳಲ್ಲಿ ಅದೂ ವಜಾ ಆಯಿತು.

ಇದರ ಪರಿಣಾಮ ಹೀಗೆ. ಸಿಲೆಬಸ್‌ಗೆ ಬೇಕಾದ ಅಧ್ಯಾಯಗಳನ್ನು ಪ್ರತಿ ಮಾಡಿ ಹಂಚಲು ಧೈರ್ಯವಾಗಿ ನಿಲ್ಲಬಹುದಾದ ತೀರ್ಪು ಇದೆ. ಅಂಗಡಿಯಲ್ಲಿ ಸಿಗುವ ಪುಸ್ತಕವನ್ನು ರಟ್ಟಿನಿಂದ ರಟ್ಟಿನವರೆಗೆ ಪ್ರತಿ ಮಾಡಿ ಕ್ಲಾಸಿಗೆಲ್ಲ ಕೊಡುವುದಕ್ಕೆ ಅಂಥ ಆಸರೆ ಇಲ್ಲ.

ಹತ್ತು ಪರ್ಸೆಂಟ್ ಎಂಬ ನಂಬಿಕೆ

ಪುಸ್ತಕದ ಹತ್ತು ಪರ್ಸೆಂಟ್ ಅಥವಾ ಒಂದು ಅಧ್ಯಾಯ, ಅದಕ್ಕಿಂತ ಜಾಸ್ತಿ ಮಾಡುವ ಹಾಗಿಲ್ಲ ಎಂಬ ಬೋರ್ಡು ಕೆಲವು ಲೈಬ್ರರಿಗಳಲ್ಲಿ ಕಾಣುತ್ತದೆ. ನಮ್ಮ ಪಾಠದ ವಿನಾಯಿತಿಯಲ್ಲಿ ಈ ಲೆಕ್ಕ ಎಲ್ಲೂ ಇಲ್ಲ.

ಅಮೆರಿಕದಲ್ಲಿ ಈ ಲೆಕ್ಕಕ್ಕೆ ಒಂದು ಕಥೆ ಇದೆ. ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಲೈಬ್ರರಿ ಪುಸ್ತಕದ ಭಾಗಗಳನ್ನು ಸ್ಕ್ಯಾನ್ ಮಾಡಿ, ಪಾಸ್‌ವರ್ಡ್ ಹಾಕಿ, ಆಯಾ ಕ್ಲಾಸಿನವರಿಗೆ ಮಾತ್ರ ಕಾಣುವಂತೆ ಇಡುತ್ತಿತ್ತು. 2008ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಸೇಜ್ ಸೇರಿ ಕೇಸು ಹಾಕಿದವು. 2012ರಲ್ಲಿ ಕೆಳಗಿನ ಕೋರ್ಟ್, ಹತ್ತಕ್ಕಿಂತ ಕಡಿಮೆ ಅಧ್ಯಾಯ ಇರುವ ಪುಸ್ತಕವಾದರೆ ಹತ್ತು ಪರ್ಸೆಂಟ್, ಹತ್ತು ಅಧ್ಯಾಯ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಒಂದು ಅಧ್ಯಾಯ ಎಂಬ ಅಳತೆ ಹಾಕಿತು. 2014ರಲ್ಲಿ ಮೇಲಿನ ಕೋರ್ಟ್ ಆ ಅಳತೆಯನ್ನೇ ತೆಗೆದುಹಾಕಿತು. ಪ್ರತಿಯೊಂದು ಪುಸ್ತಕವನ್ನೂ ಬೇರೆಯಾಗಿ ನೋಡಬೇಕು, ಬಳಕೆಯ ಉದ್ದೇಶ, ಕೃತಿಯ ಸ್ವರೂಪ, ತೆಗೆದುಕೊಂಡ ಪ್ರಮಾಣ, ಮಾರುಕಟ್ಟೆಗೆ ಆಗುವ ನಷ್ಟ ಈ ನಾಲ್ಕನ್ನೂ ತೂಗಬೇಕು ಎಂದಿತು. ಕೇಸು ಮೇಲೆ ಕೆಳಗೆ ಓಡಾಡಿ 2020ರವರೆಗೆ ಎಳೆಯಿತು. ವಿಚಾರಣೆಗೆ ಉಳಿದಿದ್ದ 48 ಬಳಕೆಗಳಲ್ಲಿ ಕೊನೆಗೆ 10 ಮಾತ್ರ ಉಲ್ಲಂಘನೆ ಎನಿಸಿಕೊಂಡವು.

ಅಂದರೆ ಹತ್ತು ಪರ್ಸೆಂಟ್ ಎಂಬ ಈ ಅಳತೆ ಅಮೆರಿಕದ ಕೋರ್ಟಿನಲ್ಲೇ ಬಿದ್ದುಹೋಗಿದೆ. ಆದರೂ ಇಂಟರ್‌ನೆಟ್‌ನಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಅಮೆರಿಕದವು. ಅವನ್ನು ಓದಿ ನಮ್ಮವರು ಇಲ್ಲಿಯ ಕಾನೂನೂ ಹಾಗೇ ಇರಬೇಕು ಅಂದುಕೊಳ್ಳುತ್ತಾರೆ. ನಷ್ಟ ಆಗುವುದು ವಿದ್ಯಾರ್ಥಿಗೆ. ರೆಫರೆನ್ಸ್ ವಿಭಾಗದಲ್ಲಿ ಒಂದೇ ಪ್ರತಿ, ಕ್ಲಾಸಿನಲ್ಲಿ ಅರವತ್ತು ಜನ, ಪರೀಕ್ಷೆಗೆ ಎರಡು ವಾರ. ಪುಸ್ತಕ ಮನೆಗೆ ಕೊಡುವ ಹಾಗಿಲ್ಲ. ಇಂಥ ಹೊತ್ತಿನಲ್ಲಿ ಇಲ್ಲದ ನಿಯಮ ತೋರಿಸಿ ಮೂರನೇ ಅಧ್ಯಾಯ ಕೊಟ್ಟು ನಾಲ್ಕನೆಯದು ಕೊಡುವುದಿಲ್ಲ ಎಂದರೆ ಅದಕ್ಕೆ ಕಾನೂನಿನ ಬೆಂಬಲವೂ ಇಲ್ಲ, ನ್ಯಾಯವೂ ಇಲ್ಲ.

ಕಾಗದದಿಂದ ಪಿಡಿಎಫ್‌ಗೆ

ನಿಜವಾದ ಕಗ್ಗಂಟು ಇರುವುದು ಇಲ್ಲಿ. ರಾಮೇಶ್ವರಿ ತೀರ್ಪು ಕಾಗದದ ಪ್ರತಿಗಳ ಬಗ್ಗೆ ಬಂದದ್ದು. ಪಾಠದ ಉಪಕಲಂನಲ್ಲಿ ಪ್ರತಿ ಮಾಡುವ ಮಾತು ಮಾತ್ರ ಇದೆ, ಜನರಿಗೆ ತಲುಪಿಸುವ ಮಾತು ಇಲ್ಲ. ಕಾಯ್ದೆಯಲ್ಲಿ ಇವೆರಡೂ ಬೇರೆ ಬೇರೆ ಹಕ್ಕುಗಳು. ಒಂದು ಕೃತಿಯನ್ನು ಆನ್‌ಲೈನ್‌ನಲ್ಲಿ ಸಿಗುವಂತೆ ಇಡುವುದು ಎರಡನೆಯದಕ್ಕೆ ಸೇರುತ್ತದೆ.

ಪ್ರಕಾಶಕರ ಕಡೆಯವರು ಇದನ್ನೇ ಹಿಡಿದು ವಾದಿಸಬಹುದು, ಅವರಿಗೆ ಒಂದು ಗಟ್ಟಿ ಆಧಾರವೂ ಇದೆ. 2012ರ ತಿದ್ದುಪಡಿಯಲ್ಲಿ ಅಂಗವಿಕಲರಿಗಾಗಿ ಹೊಸ ವಿನಾಯಿತಿ ಬಂತು. ದೃಷ್ಟಿ ಇಲ್ಲದ ವಿದ್ಯಾರ್ಥಿಗಾಗಿ ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರ್ ಓದಿ ಹೇಳುವ ರೂಪಕ್ಕೆ ತಂದು ಲಾಭವಿಲ್ಲದೆ ಕೊಡಬಹುದು. (ನಮ್ಮ ಕಾಲೇಜುಗಳು ಇದನ್ನು ಬಳಸಿಕೊಳ್ಳುವುದು ಬಹಳ ಕಡಿಮೆ. ಈ ಲೇಖನ ಓದುವ ಲೈಬ್ರೇರಿಯನ್‌ಗಳು ದಯವಿಟ್ಟು ಇದನ್ನು ನೆನಪಿಡಿ.) ಆ ವಿನಾಯಿತಿಯಲ್ಲಿ ಪ್ರತಿ ಮಾಡುವುದರ ಜೊತೆಗೆ ಜನರಿಗೆ ತಲುಪಿಸುವುದನ್ನೂ ಬಿಡಿಸಿ ಬರೆದಿದ್ದಾರೆ. ಅಲ್ಲಿ ಬರೆದ ಸಂಸತ್ತು ಪಾಠದ ಉಪಕಲಂನಲ್ಲಿ ಬರೆದಿಲ್ಲ ಎಂದರೆ ಬೇಕೆಂದೇ ಬಿಟ್ಟಿದೆ ಎಂದು ಹೇಳಲು ದಾರಿ ಇದೆ.

ಈ ಕಡೆಯ ವಾದವೂ ಕಮ್ಮಿಯಿಲ್ಲ. ಪ್ರತಿ ಮಾಡುವುದು ಎಂದರೆ ಎಲೆಕ್ಟ್ರಾನಿಕ್ ರೂಪದಲ್ಲಿ ಸಂಗ್ರಹಿಸುವುದೂ ಸೇರಿ ಎಂದು 14ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಇನ್ನು, ಹಾಜರಿ ಪಟ್ಟಿಯಲ್ಲಿರುವ ಅರವತ್ತು ಮಂದಿಗೆ ಮಾತ್ರ ಕಾಣುವ ಗೂಗಲ್ ಕ್ಲಾಸ್‌ರೂಮ್ ಸಾರ್ವಜನಿಕ ಜಾಗ ಹೇಗಾಗುತ್ತದೆ? ಕೈಬರಹಕ್ಕೂ ಜೆರಾಕ್ಸ್‌ಗೂ ವ್ಯತ್ಯಾಸವಿಲ್ಲ ಎಂದ ತರ್ಕವನ್ನೇ ಮುಂದುವರಿಸಿದರೆ ಜೆರಾಕ್ಸ್‌ಗೂ ಪಿಡಿಎಫ್‌ಗೂ ವ್ಯತ್ಯಾಸ ಇರಬಾರದು ಅಲ್ವಾ? ನನ್ನ ಮಟ್ಟಿಗೆ ಈ ವಾದವೇ ಸರಿ. ಮುಚ್ಚಿದ ಕ್ಲಾಸಿನೊಳಗೆ, ಸಿಲೆಬಸ್‌ಗೆ ಬೇಕಾದಷ್ಟನ್ನು, ಆ ಸೆಮಿಸ್ಟರ್‌ನ ವಿದ್ಯಾರ್ಥಿಗಳಿಗೆ ಕೊಡುವುದು ರಾಮೇಶ್ವರಿ ತೀರ್ಪಿನ ನೆರಳಲ್ಲೇ ಇದೆ.

ಆದರೆ ಪಿಡಿಎಫ್‌ಗೆ ಕಾಗದಕ್ಕಿಲ್ಲದ ಒಂದು ಗುಣ ಇದೆ. ಅದು ಕ್ಲಾಸಿನಲ್ಲಿ ನಿಲ್ಲುವುದಿಲ್ಲ. ಒಬ್ಬ ಹುಡುಗ ತನ್ನ ಊರಿನ ಕೋಚಿಂಗ್ ಗ್ರೂಪಿಗೆ ಕಳಿಸುತ್ತಾನೆ, ಅಲ್ಲಿಂದ ಅದು ಟೆಲಿಗ್ರಾಂ ಚಾನೆಲ್‌ಗೆ ಏರುತ್ತದೆ. ಅಲ್ಲಿಗೆ ಮೇಷ್ಟ್ರು, ವಿದ್ಯಾರ್ಥಿ, ಪಾಠ ಮೂರರ ಸಂಬಂಧವೂ ಹರಿದುಹೋಗುತ್ತದೆ, ಜೊತೆಗೆ ವಿನಾಯಿತಿಯೂ ಹೋಗುತ್ತದೆ. ಕೋಚಿಂಗ್ ಶಿಕ್ಷಕಿಯೊಬ್ಬರ ಪಾಠಗಳನ್ನು ಹೀಗೆ ಹಂಚುತ್ತಿದ್ದ ಚಾನೆಲ್‌ಗಳ ವಿಷಯದಲ್ಲಿ 2022ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್, ಅವುಗಳ ಹಿಂದಿರುವವರ ವಿವರ ಕೊಡಿ ಎಂದು ಟೆಲಿಗ್ರಾಂಗೆ ಆದೇಶಿಸಿತು. ತಿಳಿದೂ ಉಲ್ಲಂಘಿಸಿದರೆ 63ನೇ ಸೆಕ್ಷನ್‌ನಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, ₹50,000ದಿಂದ ₹2 ಲಕ್ಷದವರೆಗೆ ದಂಡ ಇದೆ. ಇದು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಹಣ ಮಾಡುವ ಉದ್ದೇಶ ಇರಲಿಲ್ಲ ಎಂದಾದರೆ ಶಿಕ್ಷೆ ಕಡಿಮೆ ಮಾಡುವ ಅವಕಾಶ ಕೋರ್ಟಿಗಿದೆ.

ಲೈಬ್ರರಿ ಸಹಿ ಹಾಕಿದ ಒಪ್ಪಂದ

ಕಾಗದದ ಪುಸ್ತಕ ಕೊಂಡರೆ ಅದು ಲೈಬ್ರರಿಯ ಆಸ್ತಿ. ಇ-ಜರ್ನಲ್, ಇ-ಪುಸ್ತಕ ಹಾಗಲ್ಲ. ಲೈಬ್ರರಿ ಕೊಳ್ಳುವುದು ಓದುವ ಅವಕಾಶವನ್ನು, ಅದೂ ಒಪ್ಪಂದದ ಷರತ್ತಿನ ಮೇಲೆ. ನೋಂದಾಯಿತ ಓದುಗರಿಗೆ ಮಾತ್ರ, ಒಮ್ಮೆಗೇ ರಾಶಿಗಟ್ಟಲೆ ಇಳಿಸುವಂತಿಲ್ಲ, ಹೊರಗಿನವರಿಗೆ ಪಾಸ್‌ವರ್ಡ್ ಕೊಡುವಂತಿಲ್ಲ ಎಂಬುವು ಮಾಮೂಲಿ ಷರತ್ತುಗಳು. ಕಾಯ್ದೆ ಒಪ್ಪುವ ಕೆಲಸವನ್ನೂ ಒಪ್ಪಂದ ಬೇಡ ಎನ್ನಬಹುದು. ಉಲ್ಲಂಘನೆ ಕಂಡರೆ ಪ್ರಕಾಶಕರು ಕೋರ್ಟಿಗೆ ಹೋಗುವ ಗೋಜಿಗೆ ಹೋಗುವುದಿಲ್ಲ, ಇಡೀ ಕಾಲೇಜಿನ ಸಂಪರ್ಕ ನಿಲ್ಲಿಸಿಬಿಡಬಹುದು.

ಕೇಂದ್ರ ಸರ್ಕಾರದ ಒಂದು ದೇಶ ಒಂದು ಚಂದಾ ಯೋಜನೆ ಬಂದ ಮೇಲೆ ಇದು ಇನ್ನೂ ದೊಡ್ಡ ವಿಷಯವಾಗಿದೆ. 2024ರ ನವೆಂಬರ್‌ನಲ್ಲಿ ಸಂಪುಟ ಒಪ್ಪಿದ ಈ ಯೋಜನೆಗೆ ಮೂರು ವರ್ಷಕ್ಕೆ ₹6,000 ಕೋಟಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಸಿಗುತ್ತವೆ. ಸೈ-ಹಬ್ ಇಲ್ಲದಿದ್ದರೂ ನಡೆಯುತ್ತದೆ ಎನ್ನುವವರು ಇದನ್ನು ತೋರಿಸುತ್ತಾರೆ. ಸರ್ಕಾರಿ ಕಾಲೇಜಿನ ಮಟ್ಟಿಗೆ ಅದರಲ್ಲಿ ಸತ್ಯ ಇದೆ. ಆದರೆ ಯೋಜನೆ ಕೊಡುವುದು ಜರ್ನಲ್ ಲೇಖನಗಳನ್ನು. ಪಠ್ಯಪುಸ್ತಕ ಕೊಡುವುದಿಲ್ಲ. ಸರ್ಕಾರಿ ಸಂಸ್ಥೆಗಳಿಗೆ ಸಿಕ್ಕಿದ್ದು ಖಾಸಗಿ ಕಾಲೇಜಿನ ವಿದ್ಯಾರ್ಥಿಗೆ ಸಿಗುವುದಿಲ್ಲ. ಒಂದೇ ವಿಶ್ವವಿದ್ಯಾಲಯದ ಒಂದೇ ಸಿಲೆಬಸ್ ಓದುವ ಇಬ್ಬರಲ್ಲಿ ಒಬ್ಬರಿಗೆ ಲೇಖನ ಸಿಗುತ್ತದೆ, ಇನ್ನೊಬ್ಬರಿಗೆ ಬಾಗಿಲು ಮುಚ್ಚಿರುತ್ತದೆ.

ಇಂಥ ಕಡೆ ಫೈಲ್ ಬದಲು ಲಿಂಕ್ ಕಳಿಸುವುದು ಒಳ್ಳೆಯದು. ವಿದ್ಯಾರ್ಥಿ ತನ್ನ ಲಾಗಿನ್‌ನಿಂದ ತೆರೆದುಕೊಳ್ಳುತ್ತಾನೆ, ಪ್ರತಿಯೇ ಆಗುವುದಿಲ್ಲ, ತಕರಾರೂ ಇಲ್ಲ.

ಕನ್ನಡ ಪುಸ್ತಕದ ಲೆಕ್ಕ ಬೇರೆ

ದೆಹಲಿ ಕೇಸಿನಲ್ಲಿ ಪ್ರಕಾಶಕರಿಗೆ ದೊಡ್ಡ ನಷ್ಟವಿಲ್ಲ ಎಂದು ಕೋರ್ಟಿಗೆ ಅನಿಸಿದ್ದಕ್ಕೆ ಕಾರಣ ಇತ್ತು. ಒಂದೊಂದು ಅಧ್ಯಾಯಕ್ಕಾಗಿ ಹತ್ತಾರು ದುಬಾರಿ ಇಂಗ್ಲಿಷ್ ಪುಸ್ತಕಗಳನ್ನು ವಿದ್ಯಾರ್ಥಿ ಹೇಗೂ ಕೊಳ್ಳುತ್ತಿರಲಿಲ್ಲ. ಲೈಬ್ರರಿಗೇ ಹೋಗುತ್ತಿದ್ದ.

ಈ ಮಾತನ್ನು ಕನ್ನಡಕ್ಕೆ ಹಾಗೇ ತರಲಾಗದು. ವಿಮರ್ಶೆ, ಜಾನಪದ, ಭಾಷಾಶಾಸ್ತ್ರದ ಪುಸ್ತಕ ಹಾಕುವ ನಮ್ಮ ಸಣ್ಣ ಪ್ರಕಾಶಕರಿಗೆ ಕಾಲೇಜು ವಿದ್ಯಾರ್ಥಿಗಳು, ಲೈಬ್ರರಿಗಳೇ ಮುಖ್ಯ ಗಿರಾಕಿಗಳು. ₹150ರ ನಾಟಕವೊಂದು ಇಡಿಯಾಗಿ ಪಠ್ಯವಾಗಿ, ಅದನ್ನು ಇಡೀ ಜಿಲ್ಲೆಯ ಕಾಲೇಜುಗಳು ಪಿಡಿಎಫ್‌ನಲ್ಲಿ ಓದಿದರೆ ಪ್ರಕಾಶಕರು ಎರಡನೇ ಮುದ್ರಣಕ್ಕೆ ಕೈಹಾಕುವುದಿಲ್ಲ. ಉಪಕಲಂ ಒಂದೇ, ಆದರೆ ಪಾಠಕ್ಕೆ ಎಷ್ಟು ಬೇಕು ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಬೇರೆಯಾಗುತ್ತದೆ. ಕೈಗೆಟುಕುವ ಬೆಲೆಗೆ ಅಂಗಡಿಯಲ್ಲಿ ಸಿಗುವ ಪುಸ್ತಕವನ್ನು ಕೊಳ್ಳಬೇಕು, ಕೊಳ್ಳಲು ಆಗದವರಿಗೆ ಲೈಬ್ರರಿ ಹೆಚ್ಚು ಪ್ರತಿ ಇಡಬೇಕು. ಮುದ್ರಣವೇ ನಿಂತಿರುವ ಪುಸ್ತಕದ ಮಾತು ಬೇರೆ. ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿಯವರೆಗೆ ವಾಣಿಜ್ಯ ಉದ್ದೇಶವಿಲ್ಲದ ಸಾರ್ವಜನಿಕ ಲೈಬ್ರರಿ ಮಾಡಿಕೊಳ್ಳಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ತನ್ನಲ್ಲಿರುವ ಪುಸ್ತಕವನ್ನು ಕಾಪಾಡಲು ಡಿಜಿಟಲ್ ಮಾಡಿಟ್ಟುಕೊಳ್ಳಲೂಬಹುದು.

ಇನ್ನು ಯಾವುದಕ್ಕೆ ಕಾಪಿರೈಟ್ ಮುಗಿದಿದೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಎಂಬುದು ನಮ್ಮ ನಿಯಮ. ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು, ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರಿಂದ ಮುಕ್ತ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ 2054ರ ಕೊನೆಯವರೆಗೆ ಹಕ್ಕು ಇರುತ್ತದೆ. ಪಂಪನ ಪದ್ಯ, ಬಸವಣ್ಣನ ವಚನ ಎಲ್ಲರದು. ಆದರೆ ಇತ್ತೀಚಿನ ಸಂಪಾದಕರು ಬರೆದ ಪೀಠಿಕೆ, ಟಿಪ್ಪಣಿ, ಹೊಸಗನ್ನಡ ಅನುವಾದಕ್ಕೆ ಅವರದೇ ಹಕ್ಕು ಇರುತ್ತದೆ. ಪದ್ಯ ಟೈಪ್ ಮಾಡಿ ಹಂಚಿ, ಯಾರ ಅಪ್ಪಣೆಯೂ ಬೇಡ.

ಮುಂದೆ ಏನಾಗಬಹುದು

ಪಿಡಿಎಫ್ ಪ್ರಶ್ನೆ ಒಂದಲ್ಲ ಒಂದು ದಿನ ಕೋರ್ಟಿಗೆ ಬರುತ್ತದೆ. ಅದಕ್ಕೆ ಮೊದಲೇ ಸಂಸತ್ತು ಪಾಠದ ಉಪಕಲಂ ತಿದ್ದಿ, ನೋಂದಾಯಿತ ವಿದ್ಯಾರ್ಥಿಗಳಿಗೆ ಆನ್‌ಲೈನ್‌ನಲ್ಲಿ ಕೊಡುವುದನ್ನೂ ಸೇರಿಸಿದರೆ ಒಳ್ಳೆಯದು. ಅಮೆರಿಕ 2002ರಲ್ಲೇ ಆನ್‌ಲೈನ್ ಬೋಧನೆಗೆ ಷರತ್ತು ಹಾಕಿ ಒಂದು ವಿನಾಯಿತಿ ಕೊಟ್ಟಿತು, ಯುರೋಪ್ 2019ರಲ್ಲಿ ಕೊಟ್ಟಿತು. ತಿದ್ದುಪಡಿ ಆಗದಿದ್ದರೆ ಎಚ್ಚರದ ಕಾಲೇಜುಗಳು ಭಯಪಟ್ಟು ಕಾಗದಕ್ಕೇ ಅಂಟಿಕೊಳ್ಳುತ್ತವೆ, ಉಳಿದವು ಇಡೀ ಪುಸ್ತಕಗಳನ್ನು ಗ್ರೂಪಿಗೆ ಹಾಕುತ್ತಲೇ ಇರುತ್ತವೆ. ಲೇಖಕರಿಗಾಗಲಿ ವಿದ್ಯಾರ್ಥಿಗಾಗಲಿ ಇದರಿಂದ ಲಾಭವಿಲ್ಲ.

ವಿಶ್ವವಿದ್ಯಾಲಯಗಳು ಕಾಯಬೇಕಾಗಿಲ್ಲದ ಕೆಲಸವೂ ಇದೆ. ತಾವೇ ಹಕ್ಕುದಾರರಾಗಿರುವ ಪುಸ್ತಕಗಳನ್ನು ಮುಕ್ತ ಲೈಸೆನ್ಸಿನಲ್ಲಿ ಬಿಡಬಹುದು. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಅಡಿ ಬಿಟ್ಟುಕೊಟ್ಟಿತು. ಅದರ ಲೇಖನಗಳನ್ನು ಯಾವ ಮೇಷ್ಟ್ರಾದರೂ ಮೂಲ ಹೆಸರಿಸಿ, ಲೈಸೆನ್ಸಿನ ಷರತ್ತು ಪಾಲಿಸಿ ಹಂಚಬಹುದು. ನಮ್ಮ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳಲ್ಲಿ ಮುದ್ರಣ ನಿಂತು ದಶಕಗಳಾದ ಪಠ್ಯಗಳು ಎಷ್ಟೋ ಇವೆ. ಹೊಸ ಸಿಲೆಬಸ್ ಮಾಡುವಾಗ ಅಧ್ಯಯನ ಮಂಡಳಿ ಪ್ರತಿ ಪುಸ್ತಕದ ಮುಂದೆ ಇದು ಅಂಗಡಿಯಲ್ಲಿ ಸಿಗುತ್ತದಾ, ಬೆಲೆ ಎಷ್ಟು, ಲೈಬ್ರರಿಯಲ್ಲಿ ಎಷ್ಟು ಪ್ರತಿ ಇದೆ, ಹಕ್ಕು ಯಾರದು ಎಂದು ಬರೆದುಕೊಂಡರೆ, ಯಾವುದನ್ನು ಕೊಳ್ಳಬೇಕು, ಯಾವುದನ್ನು ಜೆರಾಕ್ಸ್ ಮಾಡಬಹುದು, ಯಾವುದಕ್ಕೆ ಅನುಮತಿ ಕೇಳಬೇಕು ಎಂಬುದು ಸೆಮಿಸ್ಟರ್ ಶುರುವಾಗುವ ಮೊದಲೇ ಲೈಬ್ರೇರಿಯನ್‌ಗೆ ಗೊತ್ತಿರುತ್ತದೆ.